ಅಲುಗದ ಅಳತೆಗೋಲು

ಫರಂಗಿಪೇಟೆಯು ಬಂಟ್ವಾಳ ಮಂಗಳೂರುಗಳ ನಡುವೆ, ನೇತ್ರಾವತಿಯ ದಡದಲ್ಲಿರುವ ಊರು. ೧೯೨೩ರಲ್ಲಿಯೂ ೧೯೭೪ರಲ್ಲಿಯೂ ಈ ನದಿಗೆ ಬಂದ ನೆರೆಗಳನ್ನು ಆ ಸೀಮೆಯವರು ಮರೆತಿಲ್ಲ. ನೀರಿನ ಮಟ್ಟವನ್ನು ಅಳೆಯುವ ಪುಟ್ಟ ಯಂತ್ರವೊಂದನ್ನು ನಾವು ಅಲ್ಲಿ ನಿಲ್ಲಿಸುವೆವೆಂದು ಭಾವಿಸೋಣ. ಅದಕ್ಕೆ ವಿದ್ಯುತ್ ತಂತಿಯ ಆಸರೆಯಿಲ್ಲ. ಗುಂಡಿಯಾಕಾರದ ಒಂದು ಬ್ಯಾಟರಿಯೇ ಆಧಾರ.

ಯಂತ್ರದ ಸಂವೇದಕವು ನೀರಿನ ಒತ್ತಡಕ್ಕೆ ತಕ್ಕಷ್ಟು ವೋಲ್ಟೇಜನ್ನು ಕೊಡುತ್ತದೆ. ಅದನ್ನು ಅಂಕೆಗೆ ಇಳಿಸಬೇಕಾದರೆ ಹೋಲಿಸಿ ನೋಡಲು ಚಿಪ್ಪಿನೊಳಗೆ ಬದಲಾಗದ ಮತ್ತೊಂದು ವೋಲ್ಟೇಜ್ ಬೇಕು. ಅದೇ ಅಳತೆಗೋಲು. ಬ್ಯಾಟರಿಯ ವೋಲ್ಟೇಜ್ ದಿನಗಳೆದಂತೆ ಇಳಿಯುವುದರಿಂದ ಅದು ಕೋಲಾಗಲಾರದು. ಈ ಕೋಲು ನೂರಕ್ಕೆ ಒಂದರಷ್ಟು ಹಿಗ್ಗಿದರೂ ಹತ್ತು ಮೀಟರು ನೀರು ಸುಮಾರು ಹತ್ತು ಸೆಂಟಿಮೀಟರು ಕಡಿಮೆಯಾಗಿ ಕಾಣುವುದು. ನೆರೆಯ ರಾತ್ರಿಯಲ್ಲಿ ಅಷ್ಟು ನೀರು ಹೊಸ್ತಿಲನ್ನು ದಾಟಲು ಸಾಕು.

ಬದಲಾಗದ ವೋಲ್ಟೇಜನ್ನು ಪಡೆಯುವುದೆಂತು? ಸಿಲಿಕಾನಿನ ಸಂಧಿಯೊಂದರಲ್ಲಿ ಪ್ರವಾಹ ಹರಿದಾಗ ಸುಮಾರು ೦.೬೫ ವೋಲ್ಟು ದೊರೆಯುತ್ತದೆ. ಆದರೆ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು ೨ ಮಿಲಿವೋಲ್ಟು ಇಳಿಯುತ್ತದೆ. ಇನ್ನು ಎರಡು ಸಂಧಿಗಳನ್ನು ತೆಗೆದುಕೊಂಡು, ಒಂದನ್ನು ಮತ್ತೊಂದರ ಎಂಟರಷ್ಟು ದೊಡ್ಡದಾಗಿ ಮಾಡಿ, ಎರಡಕ್ಕೂ ಸಮಾನ ಪ್ರವಾಹವನ್ನು ಕೊಟ್ಟರೆ, ೨೭ ಡಿಗ್ರಿಯಲ್ಲಿ ಅವುಗಳ ವೋಲ್ಟೇಜುಗಳ ಅಂತರ ಸುಮಾರು ೫೪ ಮಿಲಿವೋಲ್ಟು. ಈ ಅಂತರವಾದರೋ ಡಿಗ್ರಿಗೆ ೦.೧೮ ಮಿಲಿವೋಲ್ಟಿನಂತೆ ಏರುತ್ತದೆ! ಅದನ್ನು ಹನ್ನೊಂದರಷ್ಟು ಹೆಚ್ಚಿಸಿ ಮೊದಲನೆಯದಕ್ಕೆ ಕೂಡಿಸಿದರೆ, ಏರಿಕೆಯೂ ಇಳಿಕೆಯೂ ಒಂದನ್ನೊಂದು ಸರಿತೂಗಿಸಿ, ಸುಮಾರು ೧.೨೫ ವೋಲ್ಟು ಸ್ಥಿರವಾಗಿ ಉಳಿಯುತ್ತದೆ. ಹಿಲ್ಬೈಬರ್ ಎಂಬವರು ೧೯೬೪ರಲ್ಲಿ ಈ ದಾರಿಯನ್ನು ತೋರಿಸಿದರು. ೧೯೭೧ರಲ್ಲಿ ರಾಬರ್ಟ್ ವಿಡ್ಲರ್ ಇದನ್ನು ಚಿಪ್ಪಿನ ಮೇಲೆ ತಂದರು.

ಈಗ ಬ್ಯಾಟರಿಯ ಲೆಕ್ಕವನ್ನು ನೋಡೋಣ. ಅದರ ಸಾಮರ್ಥ್ಯ ೨೨೦ ಮಿಲಿಆಂಪಿಯರ್-ಗಂಟೆ ಎನ್ನೋಣ. ಅಳತೆಗೋಲಿನ ಮಂಡಲವೊಂದೇ ೨೫ ಮೈಕ್ರೊಆಂಪಿಯರನ್ನು ಎಳೆದರೆ ಒಂದು ವರ್ಷದಲ್ಲಿ ಬ್ಯಾಟರಿ ಬರಿದು. ಪ್ರವಾಹವನ್ನು ಕಡಿಮೆ ಮಾಡಬಾರದೇಕೆ? ಓಮನ ನಿಯಮದಂತೆ, ೫೪ ಮಿಲಿವೋಲ್ಟಿಗೆ ಒಂದು ಮೈಕ್ರೊಆಂಪಿಯರ್ ಹರಿಯಲು ೫೪ ಸಾವಿರ ಓಮಿನ ರೋಧಕ ಸಾಕು. ಒಂದು ನ್ಯಾನೊಆಂಪಿಯರಿಗಾದರೆ ೫೪೦ ಲಕ್ಷ ಓಮು ಬೇಕು. ಅಂತಹ ರೋಧಕವು ಚಿಪ್ಪಿನ ಜಾಗವನ್ನೆಲ್ಲ ನುಂಗಿಬಿಡುವುದು.

ಇದಕ್ಕೆ ಎರಡು ಪರಿಹಾರಗಳುಂಟು. ಪೂರ್ತಿಯಾಗಿ ತೆರೆಯದ ಮಾಸ್ ಟ್ರಾನ್ಸಿಸ್ಟರುಗಳಲ್ಲಿ ಒಸರುವ ಅಲ್ಪ ಪ್ರವಾಹವನ್ನೇ ಬಳಸಿಕೊಳ್ಳುವುದು ಒಂದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ೨೦೧೨ರಲ್ಲಿ ಪ್ರಕಟಿಸಿದ ಇಂತಹ ಮಂಡಲದಲ್ಲಿ ಇದ್ದುದು ಎರಡೇ ಟ್ರಾನ್ಸಿಸ್ಟರು; ಅದು ಬಳಸಿದ್ದು ವಾಟಿನ ಲಕ್ಷ ಕೋಟಿ ಭಾಗಗಳಲ್ಲಿ ಎರಡಕ್ಕಿಂತ ತುಸು ಹೆಚ್ಚು. ಆದರೆ ಇಂತಹವುಗಳ ವೋಲ್ಟೇಜ್ ತಯಾರಿಕೆಯ ಸಣ್ಣಪುಟ್ಟ ವ್ಯತ್ಯಾಸಗಳಿಗೂ ಬಾಗುತ್ತದೆ. ಸಂಧಿಗಳ ಮೊತ್ತವು ಸಿಲಿಕಾನಿನ ಸಹಜ ಗುಣವನ್ನೇ ನೆಚ್ಚಿರುವುದರಿಂದ ಅಷ್ಟಾಗಿ ಕದಲದು.

ಎರಡನೆಯದು, ಮಂಡಲವನ್ನು ಬೇಕಾದಾಗ ಮಾತ್ರ ಎಚ್ಚರಿಸುವುದು. ನದಿಯು ಕ್ಷಣಕ್ಕೊಮ್ಮೆ ಏರುವುದಿಲ್ಲ. ನಿಮಿಷಕ್ಕೊಮ್ಮೆ ಅಳೆದರೆ ಸಾಕು. ಸಾವಿರದಲ್ಲಿ ಒಂದು ಪಾಲು ಹೊತ್ತು ಮಾತ್ರ ನಡೆಸಿದರೆ, ಆ ೨೫ ಮೈಕ್ರೊಆಂಪಿಯರ್ ಸರಾಸರಿಯಲ್ಲಿ ೨೫ ನ್ಯಾನೊಆಂಪಿಯರಿಗೆ ಇಳಿಯುತ್ತದೆ. ನೇತ್ರಾವತಿಯ ದಡಕ್ಕೆ ನಾವು ಆರಿಸಿಕೊಳ್ಳುವುದು ಇದನ್ನೇ. ಅಲ್ಲಿ ಬ್ಯಾಟರಿಯ ಉಳಿತಾಯಕ್ಕಿಂತಲೂ ಅಳತೆಯ ಸತ್ಯ ದೊಡ್ಡದು. ಈ ಉಪಾಯದಲ್ಲಿ ಎರಡೂ ಉಳಿಯುತ್ತವೆ.