ನಮ್ಮ ಮನ್ಯಾಗ ಯಾವ ಭಾಷೆ?

 

ಹೋದ ತಿಂಗಳು ಸಮಾಜ ವಿಜ್ಞಾನದ ತಾಸಿನಲ್ಲಿ ಗುರುಗಳು, "ಮನ್ಯಾಗ ಕನ್ನಡ ಮಾತಾಡೋರು ಕೈ ಎತ್ರಿ" ಅಂದರು. ನಾನೂ ಎತ್ತಿದೆ. ಅದು ಸುಳ್ಳು. ನಮ್ಮ ಮನೆಯಲ್ಲಿ ಮಾತಾಡುವುದು ದಖನಿ. ಕೈ ಎತ್ತದಿದ್ದರೆ ಎಲ್ಲಾರೂ ಹೊಳ್ಳಿ ನನ್ನನ್ನೇ ನೋಡ್ತಾರ ಅನ್ನಿಸಿತು. ಪಕ್ಕದಲ್ಲಿ ಕೂಡುವ ತಾಂಡಾದ ಗೆಳತಿಯೂ ಕೈ ಎತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು, ಆದರೆ ಕೈ ಇಳಿಸಲಿಲ್ಲ. ಆ ದಿನದ ಲೆಕ್ಕದಲ್ಲಿ ನಮ್ಮ ವರ್ಗಕ್ಕೆ ಒಂದೇ ಭಾಷೆ ಬಂತು. ಆ ತಪ್ಪು ತಿದ್ದಲಿಕ್ಕೆ ಈ ಲೇಖನ.

ಒಂದು ಊರಿನಲ್ಲಿ ಎಷ್ಟು ಬಗೆಯ ಸಂಸ್ಕೃತಿ ಇದೆ ಎಂದು ಅಳೆಯುವುದು ಹೇಗೆ? ಊಟ, ಉಡುಗೆ, ಹಬ್ಬ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಮನೆಮಾತು ಎಣಿಸುವುದು ಸುಲಭ. ಅಮೆರಿಕದ ಭಾಷಾ ವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1956ರಲ್ಲಿ ಇದಕ್ಕೊಂದು ಲೆಕ್ಕ ಹೇಳಿದರು. ಕಣ್ಣು ಮುಚ್ಚಿ ಯಾರಾದರೂ ಇಬ್ಬರನ್ನು ಆರಿಸಿದರೆ ಅವರ ಭಾಷೆ ಬೇರೆ ಬೇರೆ ಆಗಿರುವ ಸಂಭವ ಎಷ್ಟು?

ಹತ್ತು ಮಕ್ಕಳಿದ್ದಾರೆ ಅನ್ನೋಣ. 6 ಕನ್ನಡ, 2 ಉರ್ದು, 2 ಲಂಬಾಣಿ. ಹತ್ತು ಮಂದಿಯಲ್ಲಿ 45 ಜೋಡಿ ಆಗುತ್ತವೆ. ಅದರಲ್ಲಿ ಭಾಷೆ ಬೇರೆ ಇರುವ ಜೋಡಿ 28. ಅಂದರೆ ನೂರಕ್ಕೆ 62. ಆ ನಾಲ್ವರೂ ನನ್ನಂಗ ಸುಳ್ಳು ಕೈ ಎತ್ತಿದರೆ? ಸೊನ್ನೆ! ಮಕ್ಕಳು ಅವರೇ, ಮನೆಗಳೂ ಅವೇ.

ಇದೇ ಲೆಕ್ಕವನ್ನು ಕರ್ನಾಟಕಕ್ಕೆ ಹಾಕಿದೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಕನ್ನಡ ಮಾತೃಭಾಷೆಯವರು ನೂರಕ್ಕೆ 66, ಉರ್ದು ಸುಮಾರು 11, ತೆಲುಗು ಸುಮಾರು 6. ತಮಿಳು, ಮರಾಠಿ, ಹಿಂದಿ ತಲಾ ಮೂರರ ಆಸುಪಾಸು. ಆಮೇಲೆ ತುಳು, ಕೊಂಕಣಿ, ಮಲಯಾಳಂ. ಉತ್ತರ ಅರ್ಧಕ್ಕಿಂತ ತುಸು ಹೆಚ್ಚು ಬರುತ್ತದೆ. (ವರ್ಗಗಳನ್ನು ಕೂಡಿಸುವಾಗ ಎರಡು ಸಲ ತಪ್ಪಿದೆ. ಗಣಿತದ ಗುರುಗಳು ತಿದ್ದಿದರು.)

ಆದರೆ ಜನಗಣತಿಯಲ್ಲೂ ಒಂದು ಪೇಚು ಇದೆ. ಅಲ್ಲಿ ಕೇಳುವುದು ಮಾತೃಭಾಷೆ. ಚಿಕ್ಕಂದಿನಲ್ಲಿ ತಾಯಿ ನಮ್ಮೊಡನೆ ಆಡಿದ ಭಾಷೆಯೇ ಮಾತೃಭಾಷೆ. ಕೂಸಿದ್ದಾಗಲೇ ತಾಯಿ ತೀರಿಕೊಂಡಿದ್ದರೆ ಮನೆಯಲ್ಲಿ ಆಡುತ್ತಿದ್ದ ಭಾಷೆ. ಒಂದೇ ಮನೆಯಲ್ಲಿ ಅತ್ತೆಯದು ಒಂದು, ಸೊಸೆಯದು ಒಂದು ಇರಬಹುದು. ಗೊತ್ತಿರುವ ಬೇರೆ ಎರಡು ಭಾಷೆಗಳನ್ನೂ ಬರೆಸಬಹುದು. 2011ರಲ್ಲಿ ಜನ ಹೇಳಿದ ಹೆಸರುಗಳು ಒಟ್ಟು 19,569! ಅವನ್ನು ಸೋಸಿ 1,369 ಮಾತೃಭಾಷೆ ಮಾಡಿದರು. ಅದರಲ್ಲಿ 10,000ಕ್ಕಿಂತ ಕಡಿಮೆ ಮಂದಿ ಆಡುವವನ್ನು ಬಿಟ್ಟು, ಉಳಿದವನ್ನು ಗುಂಪು ಮಾಡಿ 121 ಭಾಷೆ ಎಂದರು.

ನನ್ನ ಗೆಳತಿಯ ಲಂಬಾಣಿಯನ್ನು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಮಂದಿ ಮಾತೃಭಾಷೆ ಎಂದು ಬರೆಸಿದ್ದಾರೆ. ಆದರೂ ಆ 121ರಲ್ಲಿ ಅದು ಇಲ್ಲ. ಭೋಜಪುರಿ, ರಾಜಸ್ಥಾನಿಯ ಹಾಗೆ ಅದನ್ನೂ ಹಿಂದಿಯ ಕೆಳಗೆ ಸೇರಿಸಿದ್ದಾರೆ. ಅಂದರೆ ನಮ್ಮ ರಾಜ್ಯದ "ಹಿಂದಿ"ಯೊಳಗೆ ತಾಂಡಾಗಳೂ ಸೇರಿವೆ. ಆಕೆಗೆ ಹೇಳಿದೆ. "ಹಿಂದಿ ಪರೀಕ್ಷೆದಾಗ ನನಗ ಇಷ್ಟು ಕಡಿಮಿ ಮಾರ್ಕ್ಸ್ ಯಾಕ ಬಿದ್ವು ಹಂಗಾರ?" ಅಂದಳು. ನಾವೇನೂ ಕಡಿಮೆಯಿಲ್ಲ. ನೀಲಗಿರಿಯ ಬಡಗರ ಮಾತನ್ನು ಕನ್ನಡದ ಕೆಳಗೆ ಹಾಕಿದ್ದಾರೆ.

ಆ 121ರಲ್ಲಿ ದಖನಿಯ ಹೆಸರೂ ಇಲ್ಲ. ಹೊರಗಿನವರು ಅದನ್ನು ಕೆಟ್ಟ ಉರ್ದು ಅಂತಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕ ಬರೆದದ್ದು ಈ ದಖನಿಯಲ್ಲೇ. ಆತ ಆಳಿದ್ದು 1580ರಿಂದ 1627. ನಮ್ಮವ್ವ ದಿನಕ್ಕೆ ನೂರು ಸಲ ಅನ್ನುವ "ನಕ್ಕೋ" ಮರಾಠಿಯ "ನಕೋ". ಪುಸ್ತಕದ ಉರ್ದುವಿನಲ್ಲಿ "ಲೋಗ್" ಅಂದರೆ ನಾವು "ಲೋಗಾಂ" ಅಂತೀವಿ. ಸುತ್ತಲಿನ ಭಾಷೆಗಳ ಜೊತೆ ನೂರಾರು ವರ್ಷ ಬಾಳ್ವೆ ಮಾಡಿದ ಗುರುತು ಅದರಲ್ಲಿದೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನೋಡ್ರಿ. ಒಂದೇ ಜೋಳದ ಹಿಟ್ಟು, ನಿಮಗ ರೊಟ್ಟಿ, ನಮಗ ರೋಟಿ, ಗೆಳತಿಗೆ ಬಾಟಿ. ಆಕೆ ತಾಯಿಗೆ "ಯಾಡಿ" ಅಂತಾಳ. ಆಕೆಯ "ಪಾಣಿ", ನಮ್ಮ "ಪಾನಿ" ಮಾತ್ರ ಹತ್ತಿರ ಹತ್ತಿರ.

ಕನ್ನಡದ ಮನೆಗಳಲ್ಲೂ ಒಂದೇ ಕನ್ನಡ ಇಲ್ಲ ಬಿಡ್ರಿ. ಪುಸ್ತಕದಲ್ಲಿ "ಮನೆಯಲ್ಲಿ", ಮೆಣಸಗಿಯಲ್ಲಿ "ಮನ್ಯಾಗ". ಇದನ್ನು ಯಾವ ಗಣತಿಯೂ ಎಣಿಸುವುದಿಲ್ಲ.

ಮುಂದಿನ ಜನಗಣತಿ 2027ರದು ಎಂದು ಸರ್ಕಾರ ಪ್ರಕಟಿಸಿದೆ. ನಮ್ಮ ಮನೆಯಲ್ಲಿ ಈಗಲೇ ಜಗಳ. ಅಪ್ಪ "ಉರ್ದು ಅಂತ ಬರಸೂನು" ಅಂತಾರೆ. ದಾದಿಗೆ ಭಾಷೆಯ ಹೆಸರು ಕೇಳಿದರೆ "ಮುಸಲ್ಮಾನಿ" ಅಂತಾಳೆ. ನಾನು ದಖನಿ ಅಂತೀನಿ. ಒಂದೇ ಮನೆಯಲ್ಲಿ ಒಂದೇ ಮಾತಿಗೆ ಮೂರು ಹೆಸರು. 19,569 ಹೆಂಗ ಆತು ಅನ್ನೋದು ನನಗ ಅವತ್ತ ತಿಳೀತು.

ಗುರುಗಳಿಗೆ ನನ್ನ ಸುಳ್ಳನ್ನು ಹೇಳಿದೆ. ಅವರು ಬೈಯಲಿಲ್ಲ. ಕೈ ಎತ್ತಿಸಿದ್ದೇ ಸರಿಯಾಗಲಿಲ್ಲ ಅಂದರು. ಬರುವ ಶನಿವಾರ ಮತ್ತೆ ಎಣಿಕೆ ಇದೆ. ಈ ಸಲ ಚೀಟಿಯಲ್ಲಿ. ಹೆಸರು ಬರೆಯಬೇಡಿರಿ. ಸಣ್ಣಾಕಿ, ಸಣ್ಣಾಂವ ಇದ್ದಾಗ ನಿಮ್ಮವ್ವ ನಿಮ್ಮ ಕೂಡ ಯಾವ ಮಾತು ಆಡಿದಳೋ ಅದನ್ನಷ್ಟೇ ಬರೆದು ಸೀಮೆಸುಣ್ಣದ ಡಬ್ಬಿಗೆ ಹಾಕಿರಿ. ಜೋಡಿಗಳ ಲೆಕ್ಕವನ್ನು ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಗೆ ಹಚ್ಚುತ್ತೇನೆ.

— 9ನೇ ವರ್ಗದ ವಿದ್ಯಾರ್ಥಿನಿ, ಮೆಣಸಗಿ