ಕೃಷಿ ಜೊತೆ ಉಪ ಆದಾಯ: ಯಾವುದಕ್ಕೆ ತೆರಿಗೆ, ಎಷ್ಟು?



"ರೈತರಿಗೆ ಇನ್‌ಕಂ ಟ್ಯಾಕ್ಸ್ ಇಲ್ಲ" ಅನ್ನೋ ಮಾತು ನಮ್ಮೆಲ್ಲರ ಬಾಯಲ್ಲೂ ಇದೆ. ಇದು ಅರ್ಧ ಮಾತ್ರ ಸರಿ. ಕಾನೂನು ವಿನಾಯಿತಿ ಕೊಟ್ಟಿರೋದು ಕೃಷಿ ಆದಾಯಕ್ಕೆ. ಅದೇ ರೈತ ಹಾಲು ಮಾರಿದರೆ, ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸಿದರೆ, ಪಟ್ಟಣದಲ್ಲಿ ಸಂಬಳದ ಕೆಲಸ ಮಾಡಿದರೆ ಆ ದುಡ್ಡಿನ ಲೆಕ್ಕವೇ ಬೇರೆ. ಈಗ ಹೆಚ್ಚಿನ ಮನೆಗಳಲ್ಲಿ ತೋಟದ ಜೊತೆ ಇನ್ನೊಂದು ಸಂಪಾದನೆ ಇದ್ದೇ ಇದೆ. ಹಾಗಾಗಿ ಈ ವಾರ ಇದನ್ನೇ ಬಿಡಿಸಿ ನೋಡೋಣ. ಇಲ್ಲಿರುವ ದರಗಳು 2025-26ರ ಆರ್ಥಿಕ ವರ್ಷದ ಹೊಸ ತೆರಿಗೆ ಪದ್ಧತಿಯವು.

ಯಾವುದು ಕೃಷಿ ಆದಾಯ?

ಭಾರತದೊಳಗಿನ ಜಮೀನಿನಲ್ಲಿ ಬೆಳೆದ ಬೆಳೆಯಿಂದ ಬಂದ ಹಣ ಕೃಷಿ ಆದಾಯ. ಬೆಳೆಯನ್ನು ಮಾರುಕಟ್ಟೆಗೆ ಒಯ್ಯಲು ರೈತರು ಸಾಮಾನ್ಯವಾಗಿ ಮಾಡುವ ಕೆಲಸ, ಅಂದರೆ ಒಣಗಿಸೋದು, ಸುಲಿಯೋದು, ತೂರೋದು, ಇದರೊಳಗೇ ಸೇರುತ್ತೆ. ಕೃಷಿಗೆಂದು ಕೊಟ್ಟ ಜಮೀನಿನ ಗೇಣಿ ಹಣವೂ ಕೃಷಿ ಆದಾಯವೇ. ನರ್ಸರಿಯಲ್ಲಿ ನೀವೇ ಬೆಳೆಸಿದ ಸಸಿ ಮಾರಿದ ಹಣಕ್ಕೂ ವಿನಾಯಿತಿ ಇದೆ. ಆದರೆ ಬೇರೆ ನರ್ಸರಿಯಿಂದ ತಂದ ಸಸಿಯನ್ನು ಹಾಗೇ ಮಾರಿದರೆ ಅದು ವ್ಯಾಪಾರ.

ಸಾವಯವ ಸಂತೆಗೆ ಹೋಗುವವರು ಇದನ್ನು ಗಮನಿಸಬೇಕು. ನಮ್ಮ ತೋಟದ ಸೊಪ್ಪು ಮಾರಿದ್ದು ಕೃಷಿ ಆದಾಯ. ಅಕ್ಕಪಕ್ಕದವರಿಂದ ಕೊಂಡು ತಂದು ಅದೇ ಟೇಬಲ್ ಮೇಲೆ ಮಾರಿದ ತರಕಾರಿಯ ಲಾಭ ವ್ಯಾಪಾರದ ಆದಾಯ.

ಯಾವುದು ಅಲ್ಲ?

- ಹೈನುಗಾರಿಕೆ, ಕೋಳಿ, ಕುರಿ, ಮೀನು, ಜೇನು ಸಾಕಣೆ
- ಟ್ರ್ಯಾಕ್ಟರ್, ಟಿಲ್ಲರ್ ಬಾಡಿಗೆ
- ಹೋಂಸ್ಟೇ, ಜಮೀನಿನಲ್ಲಿರುವ ಮೊಬೈಲ್ ಟವರ್ ಬಾಡಿಗೆ
- ತರಬೇತಿ ಕೊಟ್ಟಿದ್ದಕ್ಕೆ ಬಂದ ಸಂಭಾವನೆ, ಯೂಟ್ಯೂಬ್ ಹಣ, ಸಂಬಳ, ಬ್ಯಾಂಕ್ ಬಡ್ಡಿ

ರೇಷ್ಮೆ ಬೆಳೆಗಾರರಿಗೆ ಇದು ಆಶ್ಚರ್ಯ ಅನ್ನಿಸಬಹುದು: ಹಿಪ್ಪುನೇರಳೆ ಸೊಪ್ಪು ಕೃಷಿ ಉತ್ಪನ್ನ, ಗೂಡು ಅಲ್ಲ. 1999ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ.

ಕಾಫಿಯದ್ದು ಮಿಶ್ರ ಲೆಕ್ಕ. ಬೆಳೆಗಾರರೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆ ಆದಾಯದ ಶೇ. 25 ಭಾಗ ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40.

ತೆರಿಗೆ ಬೀಳೋದು ಲಾಭದ ಮೇಲೆ

ಡೇರಿಗೆ ಹಾಕಿದ ಹಾಲಿನ ಪೂರ್ತಿ ಹಣ ನಿಮ್ಮ ಆದಾಯ ಅಲ್ಲ. ಹಿಂಡಿ, ಮೇವು, ಡಾಕ್ಟರು, ಕೂಲಿ ಎಲ್ಲ ಕಳೆದು ಉಳಿದದ್ದು ಆದಾಯ. ಪೂರ್ತಿ ಲೆಕ್ಕಪತ್ರ ಇಡೋದು ಕಷ್ಟ ಅನ್ನುವ ಸಣ್ಣ ವ್ಯಾಪಾರಿಗಳಿಗೆ ಅಂದಾಜು ಆದಾಯ ಪದ್ಧತಿ ಇದೆ. ವರ್ಷದ ವಹಿವಾಟು 2 ಕೋಟಿಯೊಳಗಿದ್ದರೆ, ಬ್ಯಾಂಕ್ ಮೂಲಕ ಬಂದ ಹಣದ ಶೇ. 6, ನಗದಾಗಿ ಬಂದದ್ದರ ಶೇ. 8, ಅಥವಾ ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಅಷ್ಟನ್ನು ಆದಾಯ ಅಂತ ತೋರಿಸಬಹುದು. ವರ್ಷಕ್ಕೆ 9 ಲಕ್ಷದ ಹಾಲಿನ ದುಡ್ಡು ಖಾತೆಗೆ ಬಂದಿದ್ದರೆ, ಶೇ. 6ರಂತೆ ಕನಿಷ್ಠ ಆದಾಯ 54,000 ರೂಪಾಯಿ.

ಕೃಷಿ ಆದಾಯವನ್ನೂ ಲೆಕ್ಕಕ್ಕೆ ಯಾಕೆ ಸೇರಿಸ್ತಾರೆ?

ಬಹಳ ಜನ ಎಡವೋದು ಇಲ್ಲೇ. ಕೃಷಿಯೇತರ ಆದಾಯ 4 ಲಕ್ಷ ದಾಟಿ, ನಿವ್ವಳ ಕೃಷಿ ಆದಾಯ 5,000 ರೂಪಾಯಿ ದಾಟಿದರೆ, ದರ ನಿರ್ಧರಿಸೋಕೆ ಮಾತ್ರ ಎರಡನ್ನೂ ಕೂಡಿಸ್ತಾರೆ. ಕ್ರಮ ಹೀಗಿದೆ:

1. ಎರಡೂ ಆದಾಯ ಕೂಡಿಸಿ, ಅದಕ್ಕೆ ತೆರಿಗೆ ಹಾಕಿ.
2. ಕೃಷಿ ಆದಾಯಕ್ಕೆ 4 ಲಕ್ಷ ಸೇರಿಸಿ, ಅದಕ್ಕೂ ತೆರಿಗೆ ಹಾಕಿ.
3. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ.

ಮೊದಲ ಉದಾಹರಣೆ: ಹೊರಗಿನ ಆದಾಯ 5 ಲಕ್ಷ, ಕೃಷಿ 6 ಲಕ್ಷ. 11 ಲಕ್ಷಕ್ಕೆ ತೆರಿಗೆ 50,000. 10 ಲಕ್ಷಕ್ಕೆ 40,000. ವ್ಯತ್ಯಾಸ 10,000. ಹೊರಗಿನ ಆದಾಯ 12 ಲಕ್ಷದೊಳಗಿದ್ದರೆ 60,000 ರೂಪಾಯಿವರೆಗೆ ರಿಬೇಟ್ ಇರೋದರಿಂದ ಕಟ್ಟಬೇಕಾದ್ದು ಸೊನ್ನೆ.

ಎರಡನೇ ಉದಾಹರಣೆ: ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಸಂಬಳ 10 ಲಕ್ಷ, ಅಡಿಕೆ ತೋಟದ ನಿವ್ವಳ ಆದಾಯವೂ 10 ಲಕ್ಷ. 20 ಲಕ್ಷಕ್ಕೆ ತೆರಿಗೆ 2,00,000. 14 ಲಕ್ಷಕ್ಕೆ 90,000. ವ್ಯತ್ಯಾಸ 1,10,000. ರಿಬೇಟ್ 60,000 ಕಳೆದರೆ 50,000 ಉಳಿಯುತ್ತೆ. ಶೇ. 4 ಸೆಸ್ ಸೇರಿ 52,000 ರೂಪಾಯಿ. "12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ" ಅಂದುಕೊಂಡು ತೋಟದ ಆದಾಯ ತೋರಿಸದೇ ಬಿಟ್ಟವರಿಗೆ ಈ ಬಾಕಿ ಬಡ್ಡಿ ಸಮೇತ ಬರುತ್ತೆ.

ರಿಟರ್ನ್ ಸಲ್ಲಿಸಬೇಕಾ?

ಕೃಷಿಯೇತರ ಆದಾಯ 4 ಲಕ್ಷ ದಾಟಿದರೆ ಸಲ್ಲಿಸಲೇಬೇಕು, ತೆರಿಗೆ ಸೊನ್ನೆ ಬಂದರೂ. ತರಬೇತಿ ಸಂಭಾವನೆ ಅಥವಾ ಬಡ್ಡಿಯಲ್ಲಿ ಟಿಡಿಎಸ್ ಹಿಡಿದಿದ್ದರೆ, ಅದನ್ನು ವಾಪಸ್ ಪಡೆಯೋಕೂ ರಿಟರ್ನ್ ಬೇಕು.

ಕೃಷಿ ಆದಾಯ 5,000 ದಾಟಿದ್ದರೆ ಐಟಿಆರ್-1, ಐಟಿಆರ್-4 ಬಳಸುವಂತಿಲ್ಲ. ಸಂಬಳ ಮತ್ತು ತೋಟ ಇರುವವರಿಗೆ ಐಟಿಆರ್-2, ವ್ಯಾಪಾರ ಮತ್ತು ತೋಟ ಇರುವವರಿಗೆ ಐಟಿಆರ್-3. ಕೃಷಿ ಆದಾಯ 5 ಲಕ್ಷ ದಾಟಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಅನ್ನೋದನ್ನೂ ತುಂಬಬೇಕು.

ಹಾಲಿನದ್ದೋ ಬಾಡಿಗೆಯದ್ದೋ ದುಡ್ಡನ್ನು "ಎಲ್ಲ ಕೃಷಿ" ಅಂತ ಬರೆಯೋ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್ ನಂಬರಿನ ಎಐಎಸ್ ಪಟ್ಟಿ ತೆರೆದು ನೋಡಿ. ಬಡ್ಡಿ, ಟಿಡಿಎಸ್, ದೊಡ್ಡ ವ್ಯವಹಾರಗಳೆಲ್ಲ ಅಲ್ಲಿ ಕಾಣುತ್ತವೆ. ಆದಾಯವನ್ನು ತಪ್ಪಾಗಿ ತೋರಿಸಿದ್ದು ಸಾಬೀತಾದರೆ ಆ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು.

ಈ ವಾರ ಮಾಡಬೇಕಾದ್ದು

- ಎರಡು ನೋಟ್‌ಬುಕ್ ಇಡಿ: ಒಂದು ಬೆಳೆಗೆ, ಇನ್ನೊಂದು ಉಳಿದ ಸಂಪಾದನೆಗೆ. ನಮ್ಮ ತೋಟದಲ್ಲೂ ಇದೇ ಕ್ರಮ. ಬರೆಯೋಕೆ ದಿನಕ್ಕೆ ಐದು ನಿಮಿಷ ಸಾಕು.
- ಸಾಧ್ಯವಾದರೆ ಬ್ಯಾಂಕ್ ಖಾತೆಯೂ ಎರಡಿರಲಿ.
- ಪಹಣಿ, ಮಂಡಿ ಪಟ್ಟಿ, ಗೊಬ್ಬರ-ಬೀಜದ ಬಿಲ್, ಡೇರಿ ಪಾಸ್‌ಬುಕ್ ಒಂದೇ ಫೈಲಿನಲ್ಲಿಡಿ. ಚೀಟಿಗಳ ಅಕ್ಷರ ಅಳಿಸಿಹೋಗೋ ಮೊದಲೇ ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ.
- ಹೊರಗಿನ ಆದಾಯ 4 ಲಕ್ಷದ ಹತ್ತಿರ ಬಂದಿದ್ದರೆ, ಕೊನೆ ದಿನದವರೆಗೆ ಕಾಯದೆ ಈ ಫೈಲ್ ಹಿಡಿದು ತೆರಿಗೆ ಸಲಹೆಗಾರರ ಹತ್ತಿರ ಹೋಗಿ.

ತೋಟದ ಆದಾಯ ಕೃಷಿಯದ್ದೇ ಅಂತ ತೋರಿಸುವ ಜವಾಬ್ದಾರಿ ನಮ್ಮದು. ಚೀಟಿ ಇದ್ದರೆ ನಮಗೆ ಸಿಗಬೇಕಾದ ವಿನಾಯಿತಿ ಪೂರ್ತಿ ಸಿಗುತ್ತೆ, ನಾಳೆ ಸಾಲಕ್ಕೆ ಹೋದಾಗ ಬ್ಯಾಂಕಿನಲ್ಲೂ ಅದೇ ಕಾಗದ ಕೆಲಸಕ್ಕೆ ಬರುತ್ತೆ.