ಹಿಂದಲೆಯ ನರನೋವು: ಅಲಕ್ಷ್ಯ ಬೇಡ



ಕಳೆದ ಕೊನೆಕೊಯ್ಲಿನಲ್ಲಿ ಫೈಬರ್ ದೋಟಿ ಹಿಡಿದು ದಿನವಿಡೀ ಕತ್ತೆತ್ತಿ ದುಡಿದೆವು. ಮೂರನೆಯ ದಿನ ಕುತ್ತಿಗೆಯ ಬುಡದಿಂದ ನೆತ್ತಿಗೆ ಕರೆಂಟು ಹೊಡೆದಂತೆ ನೋವು. ತಲೆ ಬಾಚುವುದೂ ಕಷ್ಟವಾಯಿತು. ಅರೆತಲೆನೋವೆಂದು ತಿಳಿದು ವಾರಗಟ್ಟಲೆ ಮಾತ್ರೆ ನುಂಗಿದ್ದು ನಮ್ಮ ತಪ್ಪು.

ಕತ್ತಿನ ಬೆನ್ನುಹುರಿಯಿಂದ ಹೊರಡುವ ಎರಡನೆಯ ನರದ ಕವಲೊಂದು ಸ್ನಾಯುಗಳನ್ನು ತೂರಿ ಹಿಂದಲೆಗೆ ಹರಡುತ್ತದೆ. ಸ್ನಾಯು ಬಿಗಿದು ಅದನ್ನು ಒತ್ತಿದರೆ ಇಂಥ ನೋವು ಬರುವುದುಂಟು. ವೈದ್ಯರು ಇದನ್ನು ಆಕ್ಸಿಪಿಟಲ್ ನ್ಯೂರಾಲ್ಜಿಯಾ ಎನ್ನುತ್ತಾರೆ.

ಅನುಸರಿಸಬೇಕಾದ ಕ್ರಮಗಳು:

1. ಕತ್ತಿಗೆ ವಿಶ್ರಾಂತಿ, 15 ನಿಮಿಷ ಬಿಸಿನೀರಿನ ಶಾಖ, ಹಗುರವಾಗಿ ನೀವುವುದು.

2. ದೋಟಿ ಹಿಡಿಯುವವರು ಅರ್ಧ ಗಂಟೆಗೊಮ್ಮೆ ಬದಲಾಗಬೇಕು. ನೋವಿರುವಾಗ ತಲೆಹೊರೆ ಬೇಡ.

3. ಕ್ಷೌರದಂಗಡಿಯಲ್ಲಿ ಕುತ್ತಿಗೆಯ ನೆಟಿಗೆ ತೆಗೆಸಕೂಡದು. ಮಿದುಳಿಗೆ ರಕ್ತ ಒಯ್ಯುವ ನಾಳ ಸೀಳಿ ಲಕ್ವ ಹೊಡೆಯುವ ಅಪಾಯವಿದೆ.

4. ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರು ನರನೋವಿನ ಗುಳಿಗೆ ಬರೆದುಕೊಡುತ್ತಾರೆ, ಇಲ್ಲವೆ ಆ ನರದ ಬಳಿ ಮರಗಟ್ಟಿಸುವ ಚುಚ್ಚುಮದ್ದು ಹಾಕುತ್ತಾರೆ. ಅದರಿಂದ ನೋವು ಇಳಿದರೆ ಕಾಯಿಲೆಯ ಗುರುತೂ ಖಚಿತವಾಗುತ್ತದೆ. ನಮಗೆ ಗುಣವಾದದ್ದು ಚುಚ್ಚುಮದ್ದಿನಿಂದಲೇ.

ಜ್ವರದೊಡನೆ ಕತ್ತು ಸೆಟೆದರೆ, ಹಠಾತ್ತನೆ ತಲೆ ಸಿಡಿಯುವಂಥ ನೋವು ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಅದು ಬೇರೆಯೇ ಕಾಯಿಲೆ. ಕೊಯ್ಲು ಮುಗಿಯಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕೆಂದು ವಿನಂತಿ.

— ಕಾರ್ಯದರ್ಶಿ